ತಾರೀಕು ಒರೆಸಿದ ಬಾಟಲಿ

ನಾನು ಉಗುರುಬಣ್ಣ ತೆಗೆಯುವ ರಿಮೂವರಿನ ಒಂದು ಸಣ್ಣ ಬಾಟಲಿ. ನನ್ನೊಳಗಿರುವುದು ತಿಳಿಗುಲಾಬಿ ಬಣ್ಣದ ದ್ರವ. ಮುಚ್ಚಳ ತೆಗೆದರೆ ಸಾಕು, ಘಾಟು ಮೂಗಿಗೆ ಅಡರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲು. ಆಗದೆ ಇನ್ನೇನು? ಕಾರ್ಖಾನೆಯಲ್ಲಿ ಕೊಳವೆಯಿಂದ ನನ್ನನ್ನು ತುಂಬಿ ಮುಚ್ಚಳ ಬಿಗಿದ ಮರುಗಳಿಗೆಯೇ ಬೆನ್ನಿಗೆ 'ಬೆಂಕಿಯಿಂದ ದೂರವಿಡಿ' ಎಂದು ಚೀಟಿ ಅಂಟಿಸಿದರು. ಕಣ್ಣು ಬಿಡುವ ಮೊದಲೇ ಹೆದರಿಕೆ ಹುಟ್ಟಿಸಿದರೆ ಯಾರಿಗೆ ತಾನೆ ಧೈರ್ಯ ಬರುತ್ತದೆ, ಹೇಳಿ.

ಅಲ್ಲಿಂದ ಬೆಂಗಳೂರಿನ ದೊಡ್ಡ ರಸ್ತೆಯೊಂದರ ಗಾಜಿನ ಅಂಗಡಿಗೆ ಬಂದೆ. ಲಿಪ್‌ಸ್ಟಿಕ್ಕು, ಕ್ರೀಮು, ಶಾಂಪೂಗಳ ನಡುವೆ ಮೂರನೆಯ ಸಾಲಿನಲ್ಲಿ ನಿಂತೆ. ತಿಂಗಳುಗಳು ಕಳೆದರೂ ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ಕೆಳಗಿನ ಸಾಲಿಗೆ ಇಳಿಸಿದರು. ಕೊನೆಗೆ ಬಾಗಿಲ ಪಕ್ಕದ 'ಅರ್ಧ ಬೆಲೆ' ಬುಟ್ಟಿಗೆ ಎಸೆದರು. ತಾರೀಕು ಮುಗಿಯುವ ಹೊತ್ತಿಗೆ ಆ ಬುಟ್ಟಿಯಲ್ಲಿ ಉಳಿದವರೆಲ್ಲ ಕಸದ ಚೀಲಕ್ಕೆ ಹೋಗುತ್ತಿದ್ದರು. ದಿನಾ ಸಂಜೆ ಗುಡಿಸುವವಳ ಹೆಜ್ಜೆ ಕೇಳಿದಾಗ ನನ್ನೊಳಗಿನ ದ್ರವವೆಲ್ಲ ತಣ್ಣಗಾಗುತ್ತಿತ್ತು.

ನನ್ನನ್ನು ಎತ್ತಿಕೊಂಡವಳು ವನಜಾಕ್ಷಿ. ತುಮಕೂರಿನವಳು, ವಯಸ್ಸು ಮೂವತ್ತೈದರ ಆಸುಪಾಸು. ಇಂಥ ಬುಟ್ಟಿಗಳಲ್ಲಿ ಸಿಗುವ ಸೋವಿ ಸಾಮಾನು ಆಯ್ದು, ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನ ಲೇಡೀಸ್ ಬೋಗಿಯಲ್ಲಿ ಮಾರುವುದು ಅವಳ ಕಸುಬು. ನನ್ನನ್ನು ಮಾತ್ರ ಮಾರಲಿಲ್ಲ. ಉಗುರುಬಣ್ಣ ಕೊಳ್ಳುವವರು ಹಚ್ಚಿ ನೋಡಿ ಒರೆಸಿಕೊಳ್ಳಲಿ ಎಂದು ತನ್ನ ಚೀಲದ ಬದಿಯ ಜೇಬಿನಲ್ಲಿಟ್ಟುಕೊಂಡಳು.

ಆ ಬೋಗಿಯಲ್ಲಿ ಅವಳಿಗೊಂದು ಪದ್ಧತಿಯಿತ್ತು. ಯಾವ ವಸ್ತುವನ್ನೇ ಕೊಡಲಿ, ಕಿಟಕಿ ಬೆಳಕಿಗೆ ಹಿಡಿದು ತಾರೀಕನ್ನು ಎಲ್ಲರಿಗೂ ಕೇಳುವಂತೆ ಓದಿಯೇ ಕೊಡುತ್ತಿದ್ದಳು. ಇದು ಮುಂದಿನ ತಿಂಗಳಿಗೆ ಮುಗಿಯುತ್ತೆ, ಬೇಗ ಖಾಲಿ ಮಾಡಿ ಅನ್ನುತ್ತಿದ್ದಳು. ಇದು ಬೇಡ, ನಿಮ್ಮ ಮನೇಲಿ ಖರ್ಚಾಗೋದು ನಿಧಾನ ಅಂತಲೂ ಅನ್ನುತ್ತಿದ್ದಳು. ಅದಕ್ಕೇ ನರ್ಸುಗಳು, ಆಫೀಸಿನವರು, ಗಾರ್ಮೆಂಟ್ಸಿನವರು ಅವಳಿಗಾಗಿ ಜಾಗ ಹಿಡಿದಿಡುತ್ತಿದ್ದರು. ಅವರಲ್ಲಿ ಚಂದ್ರಕ್ಕ ಎಂಬವರು ಎಂದೂ ತಪ್ಪಿಸುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು, ಯಶವಂತಪುರದ ಹತ್ತಿರ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ದಿನವಿಡೀ ಸೂಜಿ ನೋಡಿ ಕಣ್ಣು ಉರಿಯುತ್ತಿತ್ತು. ಕಣ್ಣಿಗೆ ಬಿಡುವ ತಂಪಿನ ಡ್ರಾಪ್ಸನ್ನು ವನಜಾಳಿಂದಲೇ ಕೊಳ್ಳುತ್ತಿದ್ದರು. ಸಣ್ಣಕ್ಷರ ಅವರಿಗೆ ಕಾಣುತ್ತಿರಲಿಲ್ಲ. ವನಜಾ ಓದಿದರೆ ಮುಗಿಯಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಚೀಲದಲ್ಲಿ ನನ್ನ ಮುಚ್ಚಳ ಸಡಿಲವಾಗಿ ನಾಲ್ಕು ಹನಿ ಸೋರಿತು. ಪಕ್ಕದಲ್ಲಿದ್ದ ಶಾಂಪೂ ಬಾಟಲಿಯ ತಳ ಒದ್ದೆಯಾಯಿತು. ವನಜಾ ಮನೆಯಲ್ಲಿ ಅದನ್ನು ಸೆರಗಿನಿಂದ ಒರೆಸಿದಳು. ತಳದಲ್ಲಿ ಅಚ್ಚಾಗಿದ್ದ ತಾರೀಕು ಕರಗಿ ಸೆರಗಿಗೆ ಬಂತು. ಅವಳು ಬಾಟಲಿಯ ತಳವನ್ನು ಬಹಳ ಹೊತ್ತು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಮುಂದೆ ಕೆಲವು ವಾರ ಅಂಗಡಿಯ ಬುಟ್ಟಿಗಳು ಖಾಲಿಯಾಗತೊಡಗಿದವು. ಮಿಕ್ಕ ಮಾಲನ್ನು ಅಂಗಡಿಯವರು ಫೋನಿನಲ್ಲೇ ಮಾರತೊಡಗಿದರಂತೆ. ವನಜಾ ಎರಡು ಮೂರು ದಿನ ಖಾಲಿ ಚೀಲ ಹಿಡಿದು ರೈಲು ಹತ್ತಿದಳು. ಬೇರೊಬ್ಬಳು ಕ್ಲಿಪ್ಪು, ಬಳೆ ಹಿಡಿದು ಅದೇ ಬೋಗಿಗೆ ಬಂದಳು. ತನ್ನ ಜಾಗ ಹೋಯಿತೆಂದು ವನಜಾಳ ಎದೆ ಒಡೆಯಿತು. ಆಗಲೇ ಯಾವುದೋ ಗೋದಾಮಿನವನು ಬಿಚ್ಚಿ ನೋಡುವ ಹಾಗಿಲ್ಲ ಎಂಬ ಕರಾರಿನ ಮೇಲೆ ಇಂಥದೇ ಮಾಲಿನ ಒಂದು ಮೂಟೆ ಕೊಟ್ಟ. ಮೊದಲಾಗಿದ್ದರೆ ಅವನನ್ನು ಬೈದು ಬರುತ್ತಿದ್ದಳು.

ಮನೆಯಲ್ಲಿ ಮೂಟೆ ಸುರಿದಳು. ಅರ್ಧ ಸಾಮಾನಿನ ತಾರೀಕು ದಾಟಿತ್ತು. ಕೆಲವಕ್ಕೆ ವರ್ಷವೇ ಆಗಿತ್ತು. ತಲೆಯ ಮೇಲೆ ಕೈಹೊತ್ತು ಕುಳಿತಳು. ಆಮೇಲೆ ಹತ್ತಿಯ ಉಂಡೆ ತಂದು ನನ್ನ ಮುಚ್ಚಳ ತಿರುಗಿಸಿದಳು. ಬೇಡ ಕಣೇ ವನಜಾ ಎಂದು ಕೂಗಬೇಕೆನಿಸಿತು, ನನಗೆ ಬಾಯೆಲ್ಲಿದೆ? ನನ್ನಿಂದ ಬಂದದ್ದು ಘಾಟು ಮಾತ್ರ. ಅವಳು ಕಿಟಕಿ ತೆಗೆದಳು.

ಮೊದಲು ಹಳೆಯವನ್ನಷ್ಟೇ ಒರೆಸಿದಳು. ಕೆಲವಕ್ಕೆ ತಾರೀಕಿದ್ದು ಕೆಲವಕ್ಕೆ ಇಲ್ಲದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಒಳ್ಳೆಯವನ್ನೂ ಒರೆಸಿಬಿಟ್ಟಳು. ಎಲ್ಲವನ್ನೂ ಒಂದೇ ಟಬ್ಬಿಗೆ ಹಾಕಿದಳು. ಆಮೇಲಷ್ಟೇ ಅವಳ ಕೈ ನಿಂತಿತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಈಗ ಅವಳಿಗೂ ಗೊತ್ತಿರಲಿಲ್ಲ. ಒಂದೆರಡನ್ನು ಮೂಸಿ ನೋಡಿದಳು, ಅಲ್ಲಾಡಿಸಿ ನೋಡಿದಳು. ಏನಾದೀತು ಬಿಡು ಎಂದು ತನಗೆ ತಾನೇ ಹೇಳಿಕೊಂಡು ಚೀಲ ತುಂಬಿದಳು.

ಮರುದಿನ ಬೋಗಿಯಲ್ಲಿ ಚಂದ್ರಕ್ಕ ಡ್ರಾಪ್ಸ್ ಕೇಳಿದರು. ವನಜಾ ಚೀಲಕ್ಕೆ ಕೈಹಾಕಿದಾಗ ಅವಳ ಬೆರಳು ನನಗೆ ತಾಗಿತು. ಪುಟ್ಟ ಡ್ರಾಪ್ಸ್ ಬಾಟಲಿಯೊಂದನ್ನು ತೆಗೆದು ಕೊಡಹೋದಳು.

"ಡೇಟು ಓದಿ ಕೊಡಮ್ಮ," ಅಂದರು ಚಂದ್ರಕ್ಕ.

ವನಜಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾನು ಒರೆಸಿದ ಬೋಳು ಜಾಗವನ್ನೇ ನೋಡುತ್ತ, ಎಂದಿನ ಹಾಗೆ ಎಲ್ಲರಿಗೂ ಕೇಳುವಂತೆ ಒಂದು ತಿಂಗಳು, ಒಂದು ವರ್ಷ ಓದಿದಳು. ಚಂದ್ರಕ್ಕ ನಿಶ್ಚಿಂತೆಯಿಂದ ತಲೆ ಹಿಂದಕ್ಕೆ ಚೆಲ್ಲಿ, ಅಲ್ಲೇ ಎಡಗಣ್ಣಿಗೆ ಎರಡು ಹನಿ ಬಿಟ್ಟುಕೊಂಡರು. ಅಷ್ಟರಲ್ಲಿ ಅವರ ಸ್ಟೇಷನ್ ಬಂತು. ಬಾಟಲಿಯನ್ನು ಪರ್ಸಿಗೆ ಹಾಕಿಕೊಂಡು ಇಳಿದರು.

ಮೂರು ದಿನವಾದ ಮೇಲೆ ಚಂದ್ರಕ್ಕ ರೈಲಿಗೆ ಬರುವುದು ನಿಂತಿತು. ವನಜಾ ಅವರಿವರನ್ನು ಕೇಳಿದಳು. ಒಬ್ಬರು ಊರಿಗೆ ಹೋಗಿರಬೇಕು ಅಂದರು, ಇನ್ನೊಬ್ಬರು ಕಣ್ಣಿಗೇನೋ ಆಗಿದೆಯಂತೆ ಅಂದರು. ಅವತ್ತಿನಿಂದ ಅವಳು ಚೀಲ ಬಿಚ್ಚಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲ ಕಡೆ ನೋಡುತ್ತಿದ್ದಳು. ಅವರು ಬಂದರೂ ಭಯ, ಬಾರದಿದ್ದರೂ ಭಯ. ಅವಳ ತೊಡೆಯ ಮೇಲಿನ ಚೀಲದಲ್ಲಿ ನನಗೂ ಅಷ್ಟೇ ಭಯ. ಒರೆಸಿದ್ದು ನಾನೇ ತಾನೆ?

ಎರಡು ವಾರದ ಮೇಲೆ ಚಂದ್ರಕ್ಕ ಬಂದರು. ಎಡಗಣ್ಣಿಗೆ ಹತ್ತಿಯ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಕೆಲಸಕ್ಕಲ್ಲ, ಆಸ್ಪತ್ರೆಗೆ ಹೊರಟಿದ್ದರು. ಕಣ್ಣಿಗೆ ಕೀವಾಗಿ ಹುಣ್ಣಾಗಿತ್ತಂತೆ. ಆ ಕಣ್ಣಿಗೆ ಇನ್ನು ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲವಂತೆ. ಮೆಷಿನ್ನಿಗೆ ಇನ್ನು ಬರಬೇಡಿ ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದನಂತೆ. ಇದನ್ನೆಲ್ಲ ಅವರು ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದರು. ವನಜಾಳ ಕೈ ಹಿಡಿದುಕೊಂಡೇ ಹೇಳಿದರು.

"ಯಾವ ಡ್ರಾಪ್ಸ್ ಹಾಕ್ಕೊಂಡ್ರಿ ಅಂತ ಡಾಕ್ಟ್ರು ಗದರಿಸಿಬಿಟ್ರು ಕಣೇ. ಡ್ರಾಪ್ಸಿಂದ ಆಗಿದ್ದಲ್ಲ ಸಾರ್, ನಮ್ಮ ವನಜಾ ಡೇಟು ಓದೇ ಕೊಟ್ಟಿದ್ದು ಅಂದೆ."

ವನಜಾ ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಸುಮ್ಮನಿದ್ದರೆ ಉಳಿದುಕೊಳ್ಳುತ್ತಿದ್ದಳು. ಇಡೀ ಬೋಗಿ ಅವಳ ಪರವಾಗಿತ್ತು.

"ಚಂದ್ರಕ್ಕ, ಅದರ ಮೇಲೆ ಡೇಟಿರ್ಲಿಲ್ಲ. ಒರೆಸಿದ್ದು ನಾನೇ."

ಹಿಂದೆ ಅವಳಿಂದ ಕ್ರೀಮು ಕೊಂಡಿದ್ದ ನರ್ಸೊಬ್ಬಳು ಪರ್ಸಿನಿಂದ ಡಬ್ಬಿ ತೆಗೆದು ತಿರುಗಿಸಿ ತಳ ನೋಡಿದಳು. ಚಂದ್ರಕ್ಕನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

"ಹಂಗಾದ್ರೆ ಅವತ್ತು ನೀನು ಓದಿದ್ದೇನಮ್ಮ?"

ವನಜಾ ತೊಡೆಯ ಮೇಲಿನ ಚೀಲದ ಕಡೆ ಮುಖ ತಗ್ಗಿಸಿದಳು. ಚಂದ್ರಕ್ಕ ಅವಳ ಕೈ ಬಿಟ್ಟರು.

ಈಗ ನಾನು ವನಜಾಳ ಬಚ್ಚಲುಮನೆಯ ಕಿಟಕಿಯಲ್ಲಿದ್ದೇನೆ. ಅವಳು ರೈಲು ಹತ್ತುವುದನ್ನು ಬಿಟ್ಟಿದ್ದಾಳೆ. ಮಾರಿದ್ದನ್ನು ಮನೆಮನೆಗೆ ಹೋಗಿ ಕೇಳಿ ತಂದಳು. ಕೆಲವು ಸಿಕ್ಕವು, ಕೆಲವನ್ನು ಜನ ಆಗಲೇ ಹಚ್ಚಿ ಮುಗಿಸಿದ್ದರು. ನನ್ನನ್ನು ಯಾಕೆ ಎಸೆದಿಲ್ಲವೋ ಗೊತ್ತಿಲ್ಲ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿದ್ದೇನೆ, ಬಿಸಿಲಿಗೆ ದಿನಾ ಒಂದಿಷ್ಟು ಆರುತ್ತೇನೆ. ಬೆಂಕಿಗೆ ಹೆದರಿದ್ದೆ, ಕಸದ ಚೀಲಕ್ಕೆ ಹೆದರಿದ್ದೆ, ಅವೆಲ್ಲ ಈಗ ನೆನಪಾದರೆ ನಗು ಬರುತ್ತದೆ. ವನಜಾ ಮುಖ ತೊಳೆಯಲು ಬಂದು ಕಿಟಕಿಯ ಕಡೆ ಕೈಚಾಚುತ್ತಾಳೆ. ಸೋಪಿಗೋ, ಮತ್ತೇನನ್ನೋ ಒರೆಸಲು ನನಗೋ ಎಂದು ತಿಳಿಯುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.