ಮುನ್ನೂರ ಹನ್ನೆರಡನೆಯ ಲಕೋಟೆ

ಮುನ್ನೂರ ಹನ್ನೊಂದನೆಯ ಲಕೋಟೆಯ ವಿಳಾಸಕ್ಕೆ ಕೊನೆಯ ಸೊನ್ನೆ ಸುತ್ತಿ, ಮಸಿ ಆರಲೆಂದು ಅದನ್ನು ಕಿಟಕಿಯ ಹತ್ತಿರ ಇಟ್ಟು, ಅಕ್ಷರದಕ್ಕ ಪಟ್ಟಿಯ ಕಡೆ ಕೈ ಚಾಚಿದಳು. ಪಟ್ಟಿ ಮುಗಿದಿತ್ತು. ಹಾಳೆ ತಿರುಗಿಸಿದಳು, ಹಿಂಬದಿ ಖಾಲಿ. ಎರಡು ಹಾಳೆ ಅಂಟಿಕೊಂಡಿದೆಯೇನೋ ಎಂದು ಬೆರಳಿಗೆ ಎಂಜಲು ಹಚ್ಚಿ ಬಿಡಿಸಲು ನೋಡಿದಳು. ಅಂಟಿಕೊಂಡಿರಲಿಲ್ಲ. ತಮ್ಮನ ಮಗಳ ಮದುವೆಗೆ ಕರೆಯಬೇಕಾದ ಮುನ್ನೂರ ಹನ್ನೊಂದು ಮನೆಗಳಲ್ಲಿ ಅವಳ ಮನೆ ಇರಲಿಲ್ಲ.

ಯಾಕಾದರೂ ಇರಬೇಕು ಹೇಳಿ! ಅವಳ ಮನೆ ಎಂದರೆ ತಮ್ಮನ ಮನೆಯ ಮಹಡಿ. ಕೆಳಗೆ ಬೀದಿಗೆ ಮುಖ ಮಾಡಿ ತಮ್ಮನ ಮುದ್ರಣಾಲಯ, ಅದರ ಬೆನ್ನಿಗೆ ಅವನ ಸಂಸಾರ, ಮೇಲೆ ಎರಡು ಕೋಣೆಗಳಲ್ಲಿ ಅಕ್ಕ. ಅಡುಗೆಮನೆಯ ಮೂಲೆಯಿಂದ ಒಂದು ಮರದ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಮೂವತ್ತು ವರ್ಷಗಳಿಂದ ಊಟಕ್ಕೆ, ಹರಟೆಗೆ, ಜಗಳಕ್ಕೆ ಎಲ್ಲರೂ ಹತ್ತಿಳಿಯುವುದು ಅದರಲ್ಲೇ. ಬೀದಿಯ ಕಡೆಯಿಂದಲೂ ಒಂದು ಕಬ್ಬಿಣದ ಮೆಟ್ಟಿಲಿದೆ, ಮೇಲೆ ಒಂದು ಕರೆಗಂಟೆಯೂ ಇದೆ. ಅದನ್ನು ಒತ್ತುವವರು ಪೋಸ್ಟಿನವನು ಮತ್ತು ದಾರಿ ತಪ್ಪಿದವರು ಮಾತ್ರ.

ಮುದ್ರಣಾಲಯದಲ್ಲಿ ಅಚ್ಚಾಗುವ ಮದುವೆ ಪತ್ರಿಕೆಗಳ ಲಕೋಟೆಗಳ ಮೇಲೆಲ್ಲ ಹೆಸರು ಬರೆಯುವುದು ಅಕ್ಕನೇ. ಹಾಗಾಗಿ ಗಿರಾಕಿಗಳ ಬಾಯಲ್ಲಿ ಅವಳು ಅಕ್ಷರದಕ್ಕ. ಕಂಪ್ಯೂಟರು ಬಂದ ಮೇಲೆ ತಮ್ಮ ಒಮ್ಮೆ, "ಹೆಸರನ್ನೂ ಇದರಲ್ಲೇ ಹೊಡೆದುಬಿಡ್ಲಾ ಅಕ್ಕ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದ. "ಮಿಷನ್ನಲ್ಲಿ ಹೆಸರು ಹೊಡೆದರೆ ಅದು ನೀರಿನ ಬಿಲ್ಲು ಕಣೋ. ಕೈಯಲ್ಲಿ ಬರೆದರೆ ಕರೆ." ಅದಕ್ಕೂ ಮೊದಲು ಅವನಿಗೆ ಇನ್ನೊಂದು ಮಾತಿನ ಪೆಟ್ಟು ಬಿದ್ದಿತ್ತು. ಅವನದು ಶಾಲೆಯಿಂದಲೂ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ. "ಅದನ್ನ ಮುಚ್ಚಿಟ್ಟುಕೊಳ್ಳೋಕೇ ಇವನು ಪ್ರೆಸ್ಸು ಹಾಕಿದ್ದು," ಎಂದು ಅವಳು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದಳು. ತಮ್ಮ ನಗುತ್ತಿದ್ದ, ಏಕೆಂದರೆ ಅದು ನಿಜವೇ ಆಗಿತ್ತು.

ಲಕೋಟೆಯ ಜೊತೆ ಅಕ್ಷರದಕ್ಕ ಗಿರಾಕಿಗಳಿಗೆ ಪುಕ್ಕಟೆಯಾಗಿ ಕೊಡುತ್ತಿದ್ದದ್ದು ಕಟ್ಟಳೆಗಳನ್ನು. ಹೊಸ್ತಿಲಲ್ಲೇ ನಿಂತು ಕೊಟ್ಟರೆ ಅದು ಪತ್ರಿಕೆಯಲ್ಲ, ಕರಪತ್ರ. ಒಳಗೆ ಹೋಗಬೇಕು, ಕೂರಬೇಕು, ಒಂದು ಲೋಟ ನೀರಾದರೂ ಕುಡಿದು, ಬಾಯಿಬಿಟ್ಟು ಕರೆಯಬೇಕು. ಲಕೋಟೆಯ ಮೇಲೆ ಪೂರ್ತಿ ಹೆಸರಿರಬೇಕು. 'ಚಿಕ್ಕಪ್ಪನಿಗೆ', 'ಅತ್ತಿಗೆಗೆ' ಎಂದು ಬರೆದದ್ದು ಚೀಟಿ. ಕಾಟು ಹೊಡೆದ, ಮಸಿ ಬಿದ್ದ ಲಕೋಟೆ ನೇರವಾಗಿ ಕಸದ ಬುಟ್ಟಿಗೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಪತ್ರಿಕೆಯ ಒಳಗೆ ಕರೆಯುವವರ ಹೆಸರು ಎರಡೇ ಇರಬೇಕು, ಅಪ್ಪ ಮತ್ತು ಅಮ್ಮ. ದೊಡ್ಡಪ್ಪನ ಹೆಸರು ಮೇಲೋ ಸೋದರಮಾವನ ಹೆಸರು ಮೇಲೋ ಎಂದು ಅಂಗಡಿಯಲ್ಲೇ ಕೈ ಕೈ ಮಿಲಾಯಿಸಲು ಹೊರಟ ಎಷ್ಟು ಮನೆಯವರನ್ನು ಅವಳು ಇದೊಂದೇ ಮಾತಿನಿಂದ ತಣ್ಣಗೆ ಮಾಡಿದ್ದಳೋ! "ಪತ್ರಿಕೆ ಏನು ಬಸ್ಸೇನ್ರಪ್ಪಾ, ಕೈ ತೋರಿಸಿದವರನ್ನೆಲ್ಲ ಹತ್ತಿಸೋಕೆ?"

ಮದುವೆ ಹುಡುಗಿ, ಅಂದರೆ ತಮ್ಮನ ಒಬ್ಬಳೇ ಮಗಳು, ಎರಡು ತಿಂಗಳ ಹಿಂದೆ ಕೇಳಿದ್ದಳು. ತನ್ನ ಪತ್ರಿಕೆಯನ್ನು ಅವಳೇ ಬಿಡಿಸಿದ್ದಳು. ದಪ್ಪ ಕಾಗದ, ಮೇಲೆ ಅಂಗಡಿಯ ಕಿಟಕಿಯ ಗೆರೆಚಿತ್ರ, ಕಿಟಕಿಯೊಳಗೆ ಅಕ್ಷರದಕ್ಕ ಕೂರುವ ಮೂರು ಕಾಲಿನ ಮಣೆ. "ಅತ್ತೆ, ಕೆಳಗೆ ನಿನ್ನ ಹೆಸರನ್ನೂ ಹಾಕ್ತೀನಿ. ನನ್ನ ಕೈ ಹಿಡಿದು ತಿದ್ದಿಸಿದ್ದು ನೀನು." ಅಕ್ಷರದಕ್ಕನಿಗೆ ಎದೆ ತುಂಬಿ ಬಂದಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ? "ಊರಿಗೆಲ್ಲ ಒಂದು ಕಟ್ಟಳೆ, ನಮಗೊಂದಾ? ಎರಡೇ ಹೆಸರು," ಎಂದುಬಿಟ್ಟಿದ್ದಳು. ಹುಡುಗಿ ಎರಡು ಸಲ ಕೇಳಿ ಸುಮ್ಮನಾಗಿದ್ದಳು.

ಈಗ ನೋಡಿದರೆ ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಗಿತ್ತು. ಪತ್ರಿಕೆಯ ಒಳಗೂ ಅವಳಿಲ್ಲ, ಲಕೋಟೆಯ ಮೇಲೂ ಅವಳಿಲ್ಲ. ಇನ್ನೊಂದು ಲಕೋಟೆ ತೆಗೆದು ತನ್ನ ಹೆಸರನ್ನು ತಾನೇ ಬರೆದುಕೊಳ್ಳಬಹುದಿತ್ತು. ಛೀ, ಅದಕ್ಕಿಂತ ಭಿಕ್ಷೆ ವಾಸಿ ಎನಿಸಿ ಪೆನ್ನಿನ ಮುಚ್ಚಳ ಹಾಕಿದಳು.

ಮುಂದಿನ ಹತ್ತು ದಿನ ತಮ್ಮ ಮತ್ತು ಅವನ ಹೆಂಡತಿ ಮನೆಮನೆಗೆ ಹೋಗಿ ಕರೆದು ಬಂದರು. ಅಕ್ಷರದಕ್ಕ ಕಾದಳು. ಪಾಪ, ಸುಳಿವನ್ನೂ ಕೊಟ್ಟಳು. "ಎಲ್ಲರಿಗೂ ಮುಟ್ಟಿತೇನೋ?" ಎಂದು ಕೇಳಿದಳು. "ಒಂದು ಮನೆ ಬಿಟ್ಟಿಲ್ಲ ಅಕ್ಕ!" ಎಂದು ಆ ಮಹಾರಾಯ ಎದೆ ಉಬ್ಬಿಸಿದ. "ಹತ್ತಿರದವರನ್ನ ಮರೆಯೋದೇ ಹೆಚ್ಚು," ಎಂದಳು. "ಹತ್ತಿರದವರಿಗೇ ಮೊದಲು ಕೊಟ್ಟಿದ್ದು. ಹಾಲಿನವರಿಗೂ ಆಯ್ತು," ಎಂದ. ಹಾಲಿನವರಿಗೂ ಆಗಿತ್ತು. ಆ ಲಕೋಟೆಯ ಮೇಲಿನ ಹೆಸರನ್ನು ಅವಳೇ ಎಷ್ಟು ಚಂದವಾಗಿ ಬರೆದಿದ್ದಳು!

ಮದುವೆಗೆ ಆರು ದಿನವಿದ್ದಾಗ, ಮಧ್ಯಾಹ್ನ ಊಟಕ್ಕೆ ಕೂತಲ್ಲಿ, ಕಾರುಗಳ ಮಾತು ಬಂತು. "ಅತ್ತೆ ನನ್ನ ಜೊತೆ ಮುಂದಿನ ಕಾರಲ್ಲಿ," ಎಂದಳು ಹುಡುಗಿ.

"ನಾನು ಬರೋದು ಇನ್ನೂ ಗಟ್ಟಿ ಇಲ್ಲ," ಎಂದಳು ಅಕ್ಷರದಕ್ಕ, ತಟ್ಟೆಯಿಂದ ತಲೆ ಎತ್ತದೆ.

ಹುಡುಗಿ ನಕ್ಕಳು. ಅತ್ತೆಯ ಮುಖ ನೋಡಿ ನಗು ನಿಂತಿತು. "ಯಾಕತ್ತೆ? ಹುಷಾರಿಲ್ವಾ?"

"ನನಗೆ ಪತ್ರಿಕೆ ಬಂದಿಲ್ಲ."

ತಮ್ಮ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದು ಕೂತ. ಅವನ ಹೆಂಡತಿ, "ಅಯ್ಯೋ ಅಕ್ಕ, ಮನೆಯವರಿಗೆ ಯಾರಾದ್ರೂ ಪತ್ರಿಕೆ ಕೊಡ್ತಾರಾ?" ಎಂದಳು. ತಮ್ಮನಿಗೆ ರೇಗಿತು. "ನೀನೇನು ಹೊರಗಿನವಳೇನೇ?"

"ಒಳಗಿನವಳಾದರೆ ಪತ್ರಿಕೆಯಲ್ಲಿ ನನ್ನ ಹೆಸರೆಲ್ಲಿ? ಹೊರಗಿನವಳಾದರೆ ಲಕೋಟೆ ಮೇಲೆ ನನ್ನ ಹೆಸರೆಲ್ಲಿ? ಯಾವುದಾದರೂ ಒಂದು ಕಡೆ ಇರಬೇಕಲ್ಲೋ ನಾನು?"

"ಹೆಸರು ಬೇಡ ಅಂದವಳು ನೀನೇ ಅಲ್ವಾ?"

"ಹೌದು," ಎಂದಳು. "ನಾನೇ ಅಂದದ್ದು." ಅರ್ಧ ಊಟಕ್ಕೇ ಎದ್ದು, ಕೈ ತೊಳೆದು, ಮರದ ಮೆಟ್ಟಿಲು ಹತ್ತಿ ಮೇಲೆ ಹೋದಳು.

ಹೋದ ಮೇಲೆ ನಾಚಿಕೆಯಾಯಿತು. ಅರವತ್ನಾಲ್ಕು ವರ್ಷಕ್ಕೆ ಇದೆಂಥ ಹಟ! ಮಗುವಿನಂತೆ ತುಟಿ ಉಬ್ಬಿಸಿ ಬಂದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹುಡುಗಿ ಮದುವೆಯ ಮಂಟಪದಲ್ಲಿ ನಿಂತು ಅತ್ತೆ ಎಲ್ಲಿ ಎಂದು ಹುಡುಕುವುದು ಕಣ್ಣಿಗೆ ಕಟ್ಟಿತು. ಹೋಗದೆ ಇದ್ದರೆ ತನಗೇ ಜೀವ ನಿಲ್ಲದು. ಆದರೆ ಕರೆಯದೆ ಹೋದರೆ, ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ದು ಬರೀ ಬಾಯಿಮಾತಾಗುತ್ತದೆ. ಸಾಯಂಕಾಲ ಇಳಿದು ಹೋಗಿ, ತಮಾಷೆಗೆ ಅಂದೆ ಕಣೋ ಎಂದುಬಿಡಲೇ ಎಂದು ಮೆಟ್ಟಿಲ ತಲೆಯವರೆಗೆ ಬಂದಳು. ಕೆಳಗೆ ಯಾರ ಮಾತೂ ಕೇಳಲಿಲ್ಲ. ವಾಪಸ್ಸು ಹೋದಳು. ರಾತ್ರಿ ಹುಡುಗಿ ಊಟ ತಂದು ಬಾಗಿಲಲ್ಲಿಟ್ಟು, ಒಂದು ಮಾತೂ ಆಡದೆ ಇಳಿದಳು. ಬೆಳಿಗ್ಗೆಯೂ ಹಾಗೆಯೇ. ಮುನಿಸಿಕೊಂಡಿದ್ದಾರೆ, ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ, ಎಂದುಕೊಂಡಳು.

ಅಂದೇ ಹನ್ನೊಂದು ಗಂಟೆಗೆ ಬೀದಿಯ ಕಡೆಯ ಗಂಟೆ ಬಾರಿಸಿತು.

ಪೋಸ್ಟಿನವನೆಂದು ಬಾಗಿಲು ತೆರೆದರೆ, ಕಬ್ಬಿಣದ ಮೆಟ್ಟಿಲ ಮೇಲೆ ಮೂವರೂ ಸಾಲಾಗಿ ನಿಂತಿದ್ದರು. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇರುವ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿದ್ದ. ಅವನ ಹೆಂಡತಿ ಹೊಸ ಚಪ್ಪಲಿ ಹಾಕಿದ್ದಳು. ಹಿಂದೆ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು.

"ಮನೇಲಿ ಇದ್ದೀರಾ?" ಎಂದ ತಮ್ಮ. ಹುಟ್ಟಿದಾಗಿನಿಂದ ಅಕ್ಕನಿಗೆ ಬಹುವಚನ ಹಚ್ಚಿದವನಲ್ಲ.

ಅಕ್ಷರದಕ್ಕನಿಗೆ ಕಟ್ಟಳೆ ನೆನಪಿತ್ತು. "ಬನ್ನಿ, ಒಳಗೆ ಬನ್ನಿ," ಎಂದು ಬಾಗಿಲು ಬಿಟ್ಟು ಸರಿದಳು. ಕೂತರು. ನಿನ್ನೆ ಮೊನ್ನೆಯವರೆಗೆ ಕಾಲು ಚಾಚಿ ಬಿದ್ದುಕೊಳ್ಳುತ್ತಿದ್ದ ಅದೇ ಕುರ್ಚಿಯಲ್ಲಿ ತಮ್ಮ ತುದಿಯಲ್ಲಿ ಕೂತು, ಗೋಡೆಯನ್ನೆಲ್ಲ ಹೊಸದಾಗಿ ನೋಡಿ, "ಮನೆ ಚೆನ್ನಾಗಿದೆ," ಎಂದ. ಅವನ ಹೆಂಡತಿ ಅವನ ತೊಡೆಗೆ ಚಿವುಟಿದಳು. ಅಕ್ಷರದಕ್ಕ ನೀರು ತಂದಳು. ಮೂವರೂ ಲೋಟ ಖಾಲಿ ಮಾಡಿದರು.

ತಮ್ಮ ಎದ್ದು ನಿಂತು ಎರಡೂ ಕೈಯಲ್ಲಿ ಲಕೋಟೆ ಚಾಚಿದ. "ನಮ್ಮ ಮಗಳ ಮದುವೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ..." ಅಷ್ಟು ಹೇಳುವಷ್ಟರಲ್ಲಿ ಉಸಿರು ಕಟ್ಟಿತು.

"ಸಕುಟುಂಬ ಅಂದ್ರೆ ಯಾರನ್ನಪ್ಪಾ ಕರ್ಕೊಂಡು ಬರ್ಲಿ?"

"ನಮ್ಮನ್ನೇ ಕರ್ಕೊಂಡು ಬಾ," ಎಂದ ತಮ್ಮ. ಬಹುವಚನ ಎಲ್ಲೋ ಬಿದ್ದುಹೋಗಿತ್ತು.

ಅವಳು ಲಕೋಟೆ ತೆಗೆದುಕೊಂಡಳು. ಮಗಳ ದುಂಡು ಅಕ್ಷರವಲ್ಲ, ಅವನದೇ, ಕಾಗೆ ಕಾಲು ಗುಬ್ಬಿ ಕಾಲು. ಸಾಲು ಎಡದಿಂದ ಶುರುವಾಗಿ ಬಲಕ್ಕೆ ಬರುವಷ್ಟರಲ್ಲಿ ಕೆಳಗಿಳಿದಿತ್ತು. ಮೂಲೆಯಲ್ಲಿ ಹೆಬ್ಬೆಟ್ಟಿನ ಮಸಿ. ಅಷ್ಟು ಜಾಗದಲ್ಲಿ ಇದ್ದದ್ದು ಒಂದೇ ಪದ. ಅಕ್ಕನಿಗೆ.

"ಇದು ಚೀಟಿ," ಎಂದಳು. "ಪೂರ್ತಿ ಹೆಸರೆಲ್ಲಿ?"

"ಹದಿನಾಲ್ಕು ಲಕೋಟೆ ಹಾಳು ಮಾಡಿದ್ರು ಅತ್ತೆ," ಎಂದಳು ಹುಡುಗಿ, ಇನ್ನು ತಡೆಯಲಾರದೆ. "ನಾನು ಬರೀತೀನಿ ಅಂದ್ರೆ ಬಿಡಲಿಲ್ಲ, ಕರೆಯೋನು ನಾನು ಅಂತ. ಪ್ರತಿಸಲ ನಿನ್ನ ಹೆಸರಿನ ಅರ್ಧಕ್ಕೇ ಏನಾದ್ರೂ ಆಗೋದು."

"ಅಭ್ಯಾಸ ಇಲ್ಲ," ಎಂದ ತಮ್ಮ ತಲೆ ತಗ್ಗಿಸಿ. "ನಿನ್ನ ಹೆಸರನ್ನ ನಾನು ಯಾವತ್ತು ಕರೆದಿದ್ದೀನಿ, ಬರೆಯೋಕೆ?"

"ಊರಲ್ಲಿ ಎಷ್ಟು ಜನ ಅಕ್ಕಂದಿರಿದ್ದಾರೆ. ಇದು ಯಾರಿಗೆ ಅಂತ ಗೊತ್ತಾಗೋದು ಹೇಗೆ?"

"ನನಗೆ ಒಬ್ಬಳೇ ಇರೋದು."

ಅಕ್ಷರದಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿದರೆ ಅತ್ತದ್ದು ಗೊತ್ತಾಗುತ್ತದೆ. ಲಕೋಟೆ ಬಿಡಿಸಿ, ತಾನೇ ಮೂರು ಸಲ ತಿದ್ದಿದ್ದ ಪತ್ರಿಕೆಯನ್ನು ಮೊದಲ ಸಲ ನೋಡುವವಳಂತೆ ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ತಾರೀಖಿನ ಮೇಲೆ ಬೆರಳಿಟ್ಟಳು. "ಅವತ್ತು ಬಿಡುವಿದೆ ಅನ್ಸುತ್ತೆ. ಬರ್ತೀನಿ," ಎಂದಳು. ಹುಡುಗಿ ಓಡಿಬಂದು ಅವಳನ್ನು ತಬ್ಬಿಕೊಂಡ ರಭಸಕ್ಕೆ ಖಾಲಿ ಲೋಟವೊಂದು ಉರುಳಿತು.

ಕರೆಯಲು ಬಂದವರನ್ನು ಬೀದಿಯ ಬಾಗಿಲವರೆಗೆ ಕಳಿಸಿಕೊಡಬೇಕು. ಅಕ್ಷರದಕ್ಕ ಕಬ್ಬಿಣದ ಮೆಟ್ಟಿಲಿಳಿದು ಹೋಗಿ ಕಳಿಸಿಕೊಟ್ಟಳು. ಅವರು ನಾಲ್ಕು ಹೆಜ್ಜೆ ನಡೆದು ಅಂಗಡಿಯೊಳಗೆ ಹೊಕ್ಕರು. ಅವಳು ಮೇಲೆ ಹೋಗಿ, ಬಾಗಿಲು ಹಾಕಿ, ಮರದ ಮೆಟ್ಟಿಲಿಳಿದು ಅಡುಗೆಮನೆಗೆ ಬಂದಳು. "ಊಟಕ್ಕೆ ಏನು ಮಾಡಿದ್ದೀಯೇ?" ಎಂದು ತಮ್ಮನ ಹೆಂಡತಿಯನ್ನು ಕೇಳಿದಳು. ನಿನ್ನೆಯದೂ ಸೇರಿಸಿ ಉಂಡಳು.

ಊಟದ ಮೇಲೆ ತಮ್ಮ ಒಂದು ಗಳಿಗೆ ಒರಗಿದ್ದಾಗ ಅಕ್ಷರದಕ್ಕ ಅಂಗಡಿಗೆ ಹೋದಳು. ಅಚ್ಚುಯಂತ್ರದ ಪಕ್ಕದ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಕತ್ತರಿಸಿದ ಕಾಗದದ ಚೂರುಗಳ ನಡುವೆ ಮುದುರಿದ ಲಕೋಟೆಗಳು ಸಿಕ್ಕವು. ಒಂದರಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಮಾತ್ರ, ಅದರ ಮೇಲೆ ಮಸಿಯ ಬೊಟ್ಟು. ಇನ್ನೊಂದರಲ್ಲಿ ಎರಡಕ್ಷರ, ಆಮೇಲೆ ಜಾರಿದ ಗೆರೆ. ಒಂದರಲ್ಲಿ ಪೂರ್ತಿ ಹೆಸರೂ ಇತ್ತು, ಜಾಗ ಸಾಲದೆ ಕೊನೆಯಕ್ಷರ ಅಂಚಿಗೆ ಒತ್ತಿಕೊಂಡಿತ್ತು. ಒಂದೊಂದನ್ನೂ ಮೊಣಕಾಲ ಮೇಲಿಟ್ಟು ಅಂಗೈಯಿಂದ ಒತ್ತಿ ನೇರ ಮಾಡಿದಳು. ಎಣಿಸಿದಳು. ಹದಿಮೂರೇ ಇದ್ದವು, ಹುಡುಗಿ ಹೇಳಿದ್ದು ಹದಿನಾಲ್ಕು.

ನೆಲಕ್ಕೆ ಕೈಯೂರಿ, ಯಂತ್ರದ ಕೆಳಗೆ ತಲೆ ಹಾಕಿದಳು.

"ಅಕ್ಕ, ಏನು ಹುಡುಕ್ತಿದ್ದೀಯೇ ಅಲ್ಲಿ?" ಎಂದು ತಮ್ಮನ ದನಿ ಬಾಗಿಲಲ್ಲಿ ಕೇಳಿತು.

"ಏನಿಲ್ಲ, ಹೋಗೋ," ಎಂದು ಅವಳು ಕತ್ತಲೆಯೊಳಗೆ ಇನ್ನಷ್ಟು ಕೈ ಚಾಚಿದಳು.