ಹದಿನಾರು ಸಾಲಿನ ತೇಪೆ

"ನಿರ್ಮಲಾ, ಬಾಗ್ಲು ತೆಗಿ. ಅಯ್ನೋರು ಆಗ್ಲಿಂದ ಕಾಯ್ತಾ ಕುಂತಾರೆ," ಎನ್ನುತ್ತ ವೀರಬಸಪ್ಪ ಕೋಣೆಯ ಬಾಗಿಲನ್ನು ಮೂರನೆಯ ಸಲ ತಟ್ಟಿದರು.

ಒಳಗಿನಿಂದ ದನಿ ಬಂತು. ಅಳುವ ದನಿಯಲ್ಲ. "ಅವ್ರು ಉಳವಿಯಾಗೆ ಯಾರ ಮನಿಗೆ ಹೋಗಿದ್ರು ಅಂತ ಹೇಳ್ರಿ ಭಾವಾ. ಆಮೇಲೆ ಬರ್ತೀನಿ."

ವೀರಬಸಪ್ಪ ಕೈ ಇಳಿಸಿದರು. ಪಡಸಾಲೆಯಲ್ಲಿ ಅವರ ತಮ್ಮ ಪರಮಶಿವಪ್ಪನವರನ್ನು ಮೀಯಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಯಿ ತೆರೆಯದಂತೆ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದರು. ಹೆಂಡತಿ ಬಂದು ವಿಭೂತಿ ಹಚ್ಚದೆ ಎತ್ತುವಂತಿರಲಿಲ್ಲ. ಗುಂಡಿ ಬೆಳಗ್ಗೆಯೇ ತೋಡಿ ಆಗಿತ್ತು.

"ಮೂವತ್ತು ವರ್ಷ ಸೊರಬಕ್ಕೆ ಹೋಗಿ ಬಂದ ಮನುಷ್ಯ," ನೆರೆಮನೆಯ ಬಸಕ್ಕ ಸೆರಗಿನ ಮರೆಯಿಂದ ಪಕ್ಕದವಳಿಗೆ ಅಂದಳು. "ನಮ್ಮ ತಾಳಗುಂದದ ಬಸ್ ಬಿಟ್ಟು ಉಳವಿ ಬಸ್ ಹತ್ತಾನಂದ್ರೆ? ಇದೊಂದು ದಿಕ್ಕು, ಅದೊಂದು ದಿಕ್ಕು."

"ಸುಮ್ನಿರೇ. ಹೆಣದ ಮುಂದೆ."

"ನಾನೇನಂದೆ? ಅಲ್ಲಿನ ಬಸ್ ಸ್ಟ್ಯಾಂಡ್ ಕಟ್ಟೆ ಮೇಲೆ ಕುಂತಲ್ಲೇ ಹೋಗಿದ್ರಂತೆ. ಯಾರೂ ಬಾಗ್ಲು ತೆಗೀಲಿಲ್ವೋ ಏನೋ."

ಹೊಸ್ತಿಲ ಬಳಿ ನಿಂತಿದ್ದ ಗಂಗಾಶ್ರೀಗೆ ಎಲ್ಲವೂ ಕೇಳಿಸಿತು. ಅವಳ ಬಗಲಚೀಲದಲ್ಲಿ ಪರಮಶಿವಪ್ಪನವರ ಕೆಲವು ಹಾಳೆಗಳಿದ್ದವು. ಸತ್ತವರದ್ದು ತನ್ನ ಬಳಿ ಉಳಿಯಬಾರದು ಎಂದು ಶಿಕಾರಿಪುರದಿಂದ ಹೊರಡುವಾಗ ಎತ್ತಿಕೊಂಡಿದ್ದಳು. ಯಾರ ಕೈಗೆ ಕೊಡಬೇಕೆಂದು ತಿಳಿದಿರಲಿಲ್ಲ.

*

ಶಿಕಾರಿಪುರದಲ್ಲಿ ಅವಳು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಭಾನುವಾರ ಬರುತ್ತಿದ್ದವರಲ್ಲಿ ತಲೆ ನರೆತವರು ಪರಮಶಿವಪ್ಪನವರೊಬ್ಬರೇ. ಸೊರಬದ ತಾಲ್ಲೂಕು ಕಚೇರಿ ಎದುರು ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತು ವರ್ಷ ಅರ್ಜಿ ಹೊಡೆದವರು. ಮಿಷನ್ನಿಗೆ ಗಿರಾಕಿ ತಪ್ಪಿದ ಮೇಲೆ ಅಲ್ಲೇ ಈಶ್ವರನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತರು. ಅಲ್ಲಿ ಕನ್ನಡ ಬರೆಯಲು ಬಳಸುತ್ತಿದ್ದದ್ದು ಗಂಗಾಶ್ರೀಯೇ ಬರೆದ 'ಓಲೆ' ಎಂಬ ಪ್ರೋಗ್ರಾಮು.

ತೊಂಬತ್ತಾರರ ಒಂದು ಭಾನುವಾರ ಅವರು ಫ್ಲಾಪಿಯನ್ನೂ ಅಂಚಿಗೆ ತೂತುಗಳಿದ್ದ ಪ್ರಿಂಟರ್ ಹಾಳೆಗಳನ್ನೂ ಮೇಜಿನ ಮೇಲಿಟ್ಟರು.

"ಮೇಡಮ್ಮೋರೆ, ನಿಮ್ಮ ಓಲೆಗೆ ಹದಿನಾರು ಸಾಲಿನ ತೇಪೆ ಹಾಕೀನಿ. ಎಲ್ಲಾದ್ರೂ ಹೊಲಿಗೆ ಬಿಟ್ಟಿದ್ರೆ ನೋಡಿ ಹೇಳ್ರಿ."

ಓಲೆ ತೆರೆದ ಕೂಡಲೇ 'ಯಾವ ಕಡತ?' ಎಂದು ಕೇಳುತ್ತಿತ್ತು. ಹೆಸರು ಹೊಡೆದರೆ ಕಡತ ಬರುತ್ತಿತ್ತು. ಆದರೆ ಕಂಪ್ಯೂಟರ್ ಆರಿಸಿದೊಡನೆ ಹೊಡೆದ ಹೆಸರುಗಳನ್ನೆಲ್ಲ ಮರೆತುಬಿಡುತ್ತಿತ್ತು. ಈ ತೇಪೆ ಅವನ್ನು ಡಿಸ್ಕಿನಲ್ಲಿ ಉಳಿಸಿಡುತ್ತಿತ್ತು. ಮರುದಿನ ಮೇಲ್ಬಾಣದ ಕೀಲಿ ಒತ್ತಿದರೆ ಹೆಸರುಗಳು ಒಂದೊಂದಾಗಿ ಮರಳಿ ಬರುತ್ತಿದ್ದವು.

"ಇಡೀ ತಾಲ್ಲೂಕಿನ ಸರ್ವೆ ನಂಬರ್ ಬಾಯಲ್ಲಿಟ್ಕೊಂಡೋರು ನೀವು. ನಿಮಗ್ಯಾಕೆ ಇದು?"

ಅವರು ನಕ್ಕರು. "ನನಗಲ್ಲ ಮೇಡಮ್ಮೋರೆ. ಮರೆಯೋರಿಗೆ."

ನಕ್ಕ ಮೇಲೂ ಅವರು ಹೋಗಲಿಲ್ಲ. ಮೇಜಿನ ಅಂಚನ್ನು ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದರು. ಗಂಗಾಶ್ರೀ ಫ್ಲಾಪಿಯನ್ನು ಎತ್ತಿಟ್ಟು ಮುಂದಿನವರನ್ನು ಕರೆದಳು.

ಆ ವಾರ ಹದಿನಾರು ಸಾಲನ್ನೂ ಅವಳು ಮೂರು ಸಲ ಓದಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಕೊನೆಯ ಹಾಳೆ ಪರೀಕ್ಷೆಯದು. ಒಂದು ದಿನದಲ್ಲಿ ಉಳಿದ ಹೆಸರುಗಳ ಪಟ್ಟಿ. ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಿತ್ತು. ಮೇಲೆ ಒಂದೆರಡು ಅರ್ಜಿಗಳ ಹೆಸರು, ಕೆಳಗೆ ಸಾಲುಸಾಲಾಗಿ ಅದೇ ನಾಲ್ಕು ಅಕ್ಷರ: ಎಂ, ಎ, ಎನ್, ಇ. 'ಮೇನ್' ಎಂದು ಓದಿಕೊಂಡಳು, ಕಾಗುಣಿತ ತಪ್ಪಿದ್ದಾರೆ ಅಂದುಕೊಂಡಳು. ಹಾಳೆಯ ತಲೆಗೆ ಕೆಂಪು ಶಾಯಿಯಲ್ಲಿ ಬರೆದಳು: 'ಒಂದೇ ಹೆಸರು ಮತ್ತೆ ಮತ್ತೆ ಉಳಿಯುತ್ತಿದೆ. ತಪ್ಪು. ಸೇರಿಸಲಾಗದು.'

ಮುಂದಿನ ಭಾನುವಾರ ಅವರು ಅದನ್ನು ಓದಿದರು. "ಇದು ನಿಮ್ಮತ್ರಾನೇ ಇರ್ಲಿ," ಎಂದು ಹಾಳೆಗಳನ್ನು ಬಿಟ್ಟು ಹೋದವರು ಮತ್ತೆ ಕ್ಲಾಸಿಗೆ ಬರಲಿಲ್ಲ. ಈಶ್ವರನ ಅಂಗಡಿಯಲ್ಲಿ ಮಾತ್ರ ತಮ್ಮ ತೇಪೆ ಹಾಕಿದ ಓಲೆಯನ್ನೇ ಬಳಸುತ್ತಿದ್ದರು.

*

ಈಶ್ವರ ಸೊರಬದಿಂದ ಹಾರ ತಂದಿದ್ದ. ಹಾಕಿ ಬಂದು ಗಂಗಾಶ್ರೀಯ ಪಕ್ಕ ನಿಂತ.

"ನೀವು ಕಳಿಸಿದ ಹೊಸ ಓಲೆ ಸೋಮವಾರನೇ ಹಾಕ್ದೆ ಮೇಡಂ. ಹಳೇದು ಅಳಿಸಿಬಿಟ್ಟೆ. ಪಾಪ, ಇವ್ರಿಗೇ ಹಿಡಿಸ್ಲಿಲ್ಲ."

"ಯಾಕೆ?"

"ಮೇಲ್ಬಾಣ ಒತ್ತೋರು, ಒತ್ತೋರು. ಏನೂ ಬರ್ತಿರ್ಲಿಲ್ಲ. ಮೊನ್ನೆ ಸಂಜೆ ಅಂತೂ ಒಂದು ಗಂಟೆ ಅದೇ ಮಾಡಿದ್ರು. ಯಾವ ಕಡತ ಹೇಳ್ರಿ, ಹುಡುಕಿಕೊಡ್ತೀನಿ ಅಂದೆ. 'ಹೆಸರೇ ಬಾಯಿಗೆ ಬರ್ತಿಲ್ಲ ಈಶ್ವರಾ' ಅಂದ್ರು. ಚೀಲ ತಗೊಂಡು ಎದ್ದು ಹೋದ್ರು."

"ಮೊದ್ಲೆಲ್ಲ ಯಾವುದು ತೆಗೀತಿದ್ರು?"

"ದಿನಾ ಹೊರಡೋ ಮುಂಚೆ ಒಂದನ್ನ ಓದೋರು. ಒಂದ್ಸಲ ಇಣುಕಿ ನೋಡಿದ್ದೆ. ಯಾರದೋ ವಿಳಾಸ. ಐದೂಕಾಲಿನ ಶಿರಾಳಕೊಪ್ಪದ ಬಸ್ಸು, ಕಂಡಕ್ಟರಿಗೆ ತಾಳಗುಂದ ಅನ್ನಬೇಕು, ಬಾವಿ ದಾಟಿ ಎಡಕ್ಕೆ, ಹಸಿರು ಬಾಗಿಲು... ಯಾರೋ ಅರ್ಜಿಯೋರದ್ದು ಅಂದ್ಕೊಂಡೆ."

ಗಂಗಾಶ್ರೀ ತಾನು ಒರಗಿದ್ದ ಬಾಗಿಲಿನಿಂದ ಕೈ ತೆಗೆದಳು. ಅದು ಹಸಿರಾಗಿತ್ತು.

ಅವಳು ಚೀಲದಿಂದ ಕೊನೆಯ ಹಾಳೆಯನ್ನು ತೆಗೆದಳು. ಪ್ರತಿ ಹೆಸರಿನ ಮುಂದೆ ಗಂಟೆ, ನಿಮಿಷ ಇದ್ದವು. ಅಂದು ಅವಳು ಅವನ್ನು ನೋಡಿರಲಿಲ್ಲ. ಎರಡು ಹತ್ತು. ಎರಡು ಇಪ್ಪತ್ತೈದು. ಎರಡು ನಲವತ್ತು. ತೇಪೆಯಲ್ಲಿ ತಪ್ಪಿರಲಿಲ್ಲ. ಅವರು ನಿಜವಾಗಿಯೂ ಅಷ್ಟು ಸಲ ತೆಗೆದು ನೋಡಿದ್ದರು. ನಾಲ್ಕು ಅಕ್ಷರಗಳನ್ನು ಈ ಸಲ ಕನ್ನಡದ ನಾಲಿಗೆಯಲ್ಲಿ ಓದಿದಳು.

ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕೋಣೆಯ ಬಾಗಿಲು ತಟ್ಟಿದಳು. "ನಿರ್ಮಲಮ್ಮಾ, ನಾನು ಅವ್ರಿಗೆ ಕಂಪ್ಯೂಟರ್ ಹೇಳ್ಕೊಡ್ತಿದ್ದೋಳು. ಎಲ್ಲಿಗೆ ಹೊರಟಿದ್ರು ಅಂತ ನಂಗೊತ್ತು."

ಚಿಲಕ ಸರಿಯಿತು. ನಿರ್ಮಲಮ್ಮ ಹಾಳೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು. "ಇಂಗ್ಲಿಷು. ನಂಗೆ ಬರಲ್ಲ. ಓದವ್ವಾ."

"ಮನೆ."

"ಮುಂದೆ?"

"ಮನೆ."

"ಅದರ ಕೆಳಗೆ?"

"ಮನೆ. ಎಲ್ಲಾನೂ ಅದೇ ಅಮ್ಮ. ಈ ಮನೆಗೆ ಬರೋ ದಾರಿ ಬರೆದಿಟ್ಕೊಂಡಿದ್ರು. ಮರೀತಿತ್ತು ಅವ್ರಿಗೆ."

ಬಸಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿರ್ಮಲಮ್ಮ ಬಾಗಿಲ ಚೌಕಟ್ಟಿಗೆ ಒರಗಿದರು. "ಉಂಡೆದ್ದ ಮೇಲೆ ಊಟಕ್ಕೆ ಹಾಕು ಅನ್ನೋರು. ತಮಾಷಿ ಅಂದ್ಕೊಂಡು ನಾನೂ ನಗ್ತಿದ್ದೆ."

ಆಮೇಲೆ ಅವರ ಬೆರಳು ಕೆಂಪಕ್ಷರದ ಮೇಲೆ ನಿಂತಿತು. ಅದು ಕನ್ನಡ. ಬೇರೆಯವರ ನೆರವಿಲ್ಲದೆ ಕೂಡಿಸಿ ಓದಿದರು. "ಒಂದೇ ಹೆಸರು... ಮತ್ತೆ ಮತ್ತೆ... ತಪ್ಪು. ಸೇರಿಸಲಾಗದು." ತಲೆಯೆತ್ತಿದರು. "ಇದು ಯಾರ ಬರಹ?"

"ನಂದು."

ನಿರ್ಮಲಮ್ಮ ಅವಳನ್ನು ನೋಡಿದರು. ಪಡಸಾಲೆಗೆ ನಡೆದು ಗಂಡನ ಎದುರು ಕೂತು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಹಣೆಗೆ ಎಳೆದರು. ಅದೇ ಒದ್ದೆ ಕೈಯಿಂದ ಹಾಳೆಯನ್ನು ಅವರ ತೊಡೆಯ ಮೇಲಿಟ್ಟು ಒತ್ತಿದರು.

ವೀರಬಸಪ್ಪ ಎತ್ತುವವರನ್ನು ಕರೆದರು. ಹಾಳೆಯ ಮೇಲೆ ಕೆಂಪು ಶಾಯಿ ಕರಗಿ, ಒಂದೊಂದೇ ಸಾಲು ಇಳಿಯುತ್ತ, ಕೆಳಗಿನ 'ಮನೆ'ಗಳ ಮೇಲೆಲ್ಲ ಹರಡತೊಡಗಿತ್ತು.