ಬಾನೆಟ್ಟಿಗೆ ತೆಂಗಿನೆಣ್ಣೆ

ಮೊದಲ ಸಲ ಬಣ್ಣದಡಿಯ ಪ್ರೈಮರ್ ಹೊಡೆಯಲು ನಿಂತ ಸಮೀಹಾಳಿಗೆ ಹೆದರಿಕೆ ಇದ್ದದ್ದು ಬಾಪನ ಬಗ್ಗೆ. ಕಾಪುವಿನ ಈ ವರ್ಕ್‌ಶಾಪಿನಲ್ಲಿ ಆಯುಷ್ಯವಿಡೀ ಕಾರುಗಳಿಗೆ ಬಣ್ಣ ಹೊಡೆದ ಅವಳಪ್ಪ ಮಮ್ಮು ಬ್ಯಾರಿಗೆ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನೊಮ್ಮೆ ಬಣ್ಣದ ಹೊಗೆ ಒಳಗೆ ಹೋದರೆ ಜೀವಕ್ಕೇ ಸಂಚಕಾರ ಎಂದು ಮಣಿಪಾಲದ ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಲ್ಲಿ ತಲೆಯಾಡಿಸಿ ಬಂದಿದ್ದ ಬ್ಯಾರಿ ಆ ಬೆಳಿಗ್ಗೆ ಮಗಳಿಗೆ ಹೇಳಿದ್ದೇ ಬೇರೆ.

"ನೀನು ಹೊಡೆ. ಹಾಳಾದರೆ ನಾನೇ ಹೊಡೆಯುತ್ತೇನೆ. ಫೌಸ್ಟಿನ್ ಮಾಸ್ಟ್ರಿಗೆ ನಾಳೆ ಕೊಡುತ್ತೇನೆ ಅಂತ ಹೇಳಿ ಆಗಿದೆ, ಅಲ್ವಾ?"

ಆ ಮನುಷ್ಯನ ಹಟ ಕಂಡವರಿಗೆಲ್ಲ ಗೊತ್ತು, ಹೇಳಿದರೆ ಮಾಡಿಯೇ ತೀರುವವರು.

ಕಾರ್ಕಳದ ಫೌಸ್ಟಿನ್ ಮಾಸ್ಟ್ರ ಹಳೇ ಜೀಪಿನ ಬಾನೆಟ್ ಅದು. ಹಿಂದಿನ ಸಂಜೆ ಸಮೀಹಾಳೇ ಬಣ್ಣವನ್ನೆಲ್ಲ ಉಜ್ಜಿ ಉಜ್ಜಿ ಬರಿ ಕಬ್ಬಿಣ ಕಾಣಿಸಿದ್ದಳು. ಕಡಲ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದರೆ? ಮನೆಯಲ್ಲಿ ಉಮ್ಮ ದೋಸೆ ಕಾವಲಿಗೆ ಮಾಡುವಂತೆ ಅವಳೂ ಬಾನೆಟ್ಟಿಗೆ ತೆಂಗಿನೆಣ್ಣೆ ಸವರಿಟ್ಟಳು. ಹೆದರಿದವರ ಬುದ್ಧಿ ಅಡುಗೆಮನೆಗೇ ಓಡುತ್ತದೆ, ಏನು ಮಾಡೋಣ. ಬೆಳಿಗ್ಗೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿದಳು. ಇಡೀ ಬಾನೆಟ್ಟಿಗೆ ಒಂದೇ ಬಟ್ಟೆ.

ಎಪಾಕ್ಸಿ ಪ್ರೈಮರಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಅಳೆದು ಬೆರೆಸಿ, ಬಣ್ಣದ ಕೋಣೆಯೊಳಗೆ ಮಾಸ್ಕ್ ಬಿಗಿದು ಸ್ಪ್ರೇ ಗನ್ನಿನಿಂದ ಮೊದಲ ಕೋಟ್ ಹೊಡೆದಳು. ಬೂದು ಬಣ್ಣ ನುಣ್ಣಗೆ ಕೂತಿತು. ಅಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ಒಂದು ಕಡೆ ಸಣ್ಣ ಗುಳಿ ಬಿತ್ತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಲೇ ಬಾನೆಟ್ ತುಂಬ ಬಣ್ಣ ದೂರ ಸರಿದು, ಕೆಳಗಿನ ಕಬ್ಬಿಣ ಕಣ್ಣು ಬಿಟ್ಟು ನೋಡತೊಡಗಿತು.

ಗನ್ನಿನ ಸದ್ದು ನಿಂತದ್ದು ಕೇಳಿ, ಹೊರಗೆ ಬೆಂಚಿನ ಮೇಲಿದ್ದ ಬ್ಯಾರಿ ಎದ್ದರು. ಚಪ್ಪಲಿಯ ಸದ್ದು ಹತ್ತಿರ ಬಂತು.

"ಎಂತ ಆಯ್ತು ಮೋಳೆ?"

ಸಮೀಹಾ ಓಡಿಹೋಗಿ ಒಳಗಿಂದ ಚಿಲಕ ಹಾಕಿದಳು.

"ಗುಳಿ ಬಿದ್ದಿದೆ ಬಾಪ. ನಿನ್ನೆ ತುಕ್ಕಿಗೆ ಹೆದರಿ ಎಣ್ಣೆ ಹಚ್ಚಿದ್ದೆ."

"ಬಾಗಿಲು ತೆಗಿ. ಗನ್ ಇಲ್ಲಿ ಕೊಡು."

"ತೆಗೆಯುವುದಿಲ್ಲ. ಎಂತ ಮಾಡಬೇಕು ಅಂತ ಅಲ್ಲಿಂದಲೇ ಹೇಳಿ."

ಬ್ಯಾರಿ ಬಾಗಿಲನ್ನು ದಬದಬ ಬಡಿದರು. ಬೈಗುಳ ಶುರುವಾಯಿತು, ನಡುವೆ ಕೆಮ್ಮು ಹತ್ತಿತು, ಹತ್ತಿದ ಕೆಮ್ಮು ನಿಲ್ಲಲೇ ಇಲ್ಲ. ಆಮೇಲೆ ಥಟ್ಟನೆ ನಿಂತಿತು.

ಹೊರಗೆ ಏನೂ ಕೇಳಿಸಲಿಲ್ಲ. ಬಿದ್ದುಬಿಟ್ಟರೇ? ಅವಳ ಕೈ ಚಿಲಕಕ್ಕೆ ಹೋಯಿತು. ತೆರೆದರೆ ಕೋಣೆ ತುಂಬ ನಿಂತ ಹೊಗೆಯೆಲ್ಲ ಅವರ ಮುಖಕ್ಕೇ ನುಗ್ಗುತ್ತದೆ. ತೆರೆಯದಿದ್ದರೆ ಅವರು ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಇಂಥ ಭಯ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ಬಾಪ, ಮಾತಾಡಿ."

ಬಾಗಿಲಿಗೆ ಬೆನ್ನು ಉಜ್ಜಿಕೊಂಡು ಅವರು ನೆಲಕ್ಕೆ ಕುಸಿದು ಕೂತದ್ದು ಕೇಳಿಸಿತು.

"ಎಲ್ಲ ಥಿನ್ನರಿನಲ್ಲಿ ತೊಳೆದು ತೆಗಿ," ಬ್ಯಾರಿಯ ಧ್ವನಿ ಸೋತಿತ್ತು. "ಒಮ್ಮೆ ಒರೆಸಿದ ಬಟ್ಟೆ ಬಿಸಾಡು, ಬೇರೆ ತೆಗೆದುಕೋ, ಇಲ್ಲದಿದ್ದರೆ ಅದೇ ಎಣ್ಣೆ ಪುನಃ ಹರಡುತ್ತದೆ. ಅವಸರ ಬೇಡ ಮಾರಾಯ್ತಿ. ಮಾಸ್ಟ್ರು ನಾಡಿದ್ದು ಬರಲಿ."

ಅವಳ ಕಣ್ಣು ತುಂಬಿತು. ಹೊಸ ಬಟ್ಟೆ ಕೈಗೆತ್ತಿಕೊಂಡಳು.

"ಮೋಳೆ."

"ಎಂತ ಬಾಪ?"

"ಮಾಸ್ಕ್ ಸಡಿಲ ಉಂಟಾ ನೋಡು. ಮೊದಲು ಅದನ್ನು ನೋಡು."

ಜೀವಮಾನದಲ್ಲಿ ಒಂದು ದಿನವೂ ಮೂಗಿಗೆ ಕರವಸ್ತ್ರ ಕಟ್ಟದ ಮಮ್ಮು ಬ್ಯಾರಿ, ಅವಳು ನೋಡಿದೆ ಎನ್ನುವವರೆಗೂ ಅದನ್ನೇ ಕೇಳುತ್ತಿದ್ದರು.